ಪಾದಕ್ಕೆ ತಾಗದ ಎಳೆ

ರಕ್ತವನ್ನು ಮೊದಲು ಕಂಡವಳು ನಮ್ಮ ಮನೆಯಾಕೆ. 2022ರ ಶಿವರಾತ್ರಿ ಮುಗಿದು ವಾರವಾಗಿತ್ತು. ಮಧ್ಯಾಹ್ನ ಊಟಕ್ಕೆಂದು ಮಗ್ಗದಿಂದ ಎದ್ದು ಒಳಗೆ ಬಂದು ಕೂತಿದ್ದೆ. ಕಸಬರಿಗೆ ಹಿಡಿದು ನನ್ನ ಹಿಂದೆಯೇ ಬಂದವಳು, “ಅಯ್ಯ, ಇದೇನ್ರಿ ನೆಲದ ಮ್ಯಾಲ?” ಅಂದಳು. ಮಗ್ಗದ ಕೋಣೆಯಿಂದ ಅಡುಗೆಮನೆಯ ಹೊಸ್ತಿಲವರೆಗೆ ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಕೆಂಪು ಕಲೆ. ಬಲಗಾಲು ಮಡಚಿ ನೋಡಿದೆ. ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಉಬ್ಬಿನ ಮೇಲೆ, ಎಂಟಾಣೆ ಅಗಲದಷ್ಟು ಚರ್ಮ ಬಿಳಿಚಿ ಬಾಯಿ ಬಿಟ್ಟಿತ್ತು. ನಡುವೆ ಕಟ್ಟಿಗೆಯ ಸಿಬಿರು. ಮಗ್ಗದಲ್ಲಿ ಕಾಲಿನಿಂದ ತುಳಿಯುವ ಹಲಗೆಯದು. ಎಷ್ಟು ದಿನದಿಂದ ಅಲ್ಲಿ ನಿಂತಿತ್ತೋ, ಅದನ್ನು ತುಳಿದುಕೊಂಡೇ ಎಷ್ಟು ಮೊಳ ನೇಯ್ದಿದ್ದೆನೋ ಗೊತ್ತಿಲ್ಲ. ನೋವು ಎಳ್ಳಷ್ಟೂ ಇರಲಿಲ್ಲ.

ನೋವಿಲ್ಲ ಅಂದಮೇಲೆ ದೊಡ್ಡದೇನಲ್ಲ ಅಂದುಕೊಂಡೆ. ಸಿಬಿರು ಕಿತ್ತು, ಅರಿಷಿಣ ಮೆತ್ತಿ, ಹಳೇ ಧೋತರದ ಚೂರು ಸುತ್ತಿ ಮತ್ತೆ ಮಗ್ಗದ ಕುಣಿಗೆ ಇಳಿದೆ. ಒಂಬತ್ತು ದಿನ ಹಾಗೇ ನಡೆಯಿತು. ಹತ್ತನೇ ದಿನ ಪಾದ ಬಾತು, ಚಳಿಜ್ವರ ಬಂದು, ಗಾಯ ನಾರತೊಡಗಿದಾಗ ಮಗ ಬೈಕಿನ ಮೇಲೆ ಕೂರಿಸಿಕೊಂಡು ಸರ್ಕಾರಿ ದವಾಖಾನೆಗೆ ಒಯ್ದ.

ನಾನು ಇಳಕಲ್ಲಿನ ನೇಕಾರ. ಅಜ್ಜನ ಕಾಲದಿಂದ ನಮ್ಮದು ಕುಣಿಮಗ್ಗದ ಮನೆ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಬರಿಗಾಲಲ್ಲಿ ಹಲಗೆ ತುಳಿಯುತ್ತ, ಕೈಯಲ್ಲಿ ಲಾಳಿ ಆಡಿಸುತ್ತ ದಿನಕ್ಕೆ ಒಂಬತ್ತು ಹತ್ತು ತಾಸು. ಸಕ್ಕರೆ ಬ್ಯಾನಿ ಇದೆ ಅನ್ನೋದು 2016ರಲ್ಲೇ ಗೊತ್ತಾಗಿತ್ತು. ಯಾವುದೋ ಉಚಿತ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿ ಹೇಳಿದ್ದರು, ಗುಳಿಗೆಯನ್ನೂ ಬರೆದುಕೊಟ್ಟಿದ್ದರು. ಮೂರು ತಿಂಗಳು ನುಂಗಿದೆ. ಮೈಯಲ್ಲಿ ಏನೂ ತೊಂದರೆ ಕಾಣಲಿಲ್ಲ, ಬಿಟ್ಟೆ. ನಂತರ ಸಂತೆಯಲ್ಲಿ ಒಬ್ಬರು ಕೊಡುತ್ತಿದ್ದ ಬೇರಿನ ಪುಡಿಯನ್ನು ಎರಡು ವರ್ಷ ನೀರಿಗೆ ಹಾಕಿ ಕುಡಿದೆ. ರಾತ್ರಿ ಅಂಗಾಲು ಉರಿಯುತ್ತಿತ್ತು. ದಿನವಿಡೀ ಕೂತು ತುಳಿದದ್ದಕ್ಕೆ ಅಂದುಕೊಂಡೆ. ಆಮೇಲೆ ಒಂದು ದಿನ ಉರಿಯೂ ನಿಂತಿತು. ಗುಣವಾಯಿತು ಅಂತ ಖುಷಿಪಟ್ಟೆ. ಉರಿಯುತ್ತಿದ್ದ ನರಗಳು ಅರಿವನ್ನೇ ಕಳೆದುಕೊಂಡು ಸುಮ್ಮನಾಗಿದ್ದವು ಅನ್ನೋದನ್ನು ತಿಳಿಸಿ ಹೇಳಲು ಒಬ್ಬ ಸಿಸ್ಟರ್ ಬರಬೇಕಾಯಿತು.

ದವಾಖಾನೆಯಲ್ಲಿ ಆ ದಿನ ಸಕ್ಕರೆ 384 ಇತ್ತು. ಡಾಕ್ಟರು ಗಾಯ ಬಿಡಿಸಿ, ಕೊಳೆತ ಚರ್ಮ ಕತ್ತರಿಸಿ ತೆಗೆದರು. ಎಕ್ಸ್‌ರೇ ತೆಗೆಸಿ, ಸೋಂಕು ಎಲುಬಿಗೆ ಮುಟ್ಟಿಲ್ಲ ಅಂದರು. ಆ್ಯಂಟಿಬಯಾಟಿಕ್, ಗುಳಿಗೆ, ಇನ್ಸುಲಿನ್ ಬರೆದರು. ಒಳ್ಳೆಯ ಮನುಷ್ಯರು. ಆದರೆ ಹೊರಗೆ ಕಾರಿಡಾರಿನ ತುದಿಯವರೆಗೆ ಪಾಳಿ ಹಚ್ಚಿ ಜನ ನಿಂತಿದ್ದರು, ನನಗೆ ಅವರು ಕೊಡಬಹುದಾದ ಹೊತ್ತು ಐದು ನಿಮಿಷ. “ಎನ್‌ಸಿಡಿ ರೂಮಿಗೆ ಹೋಗ್ರಿ, ಸಿಸ್ಟರ್ ಎಲ್ಲಾ ತಿಳಿಸಿ ಹೇಳ್ತಾರ” ಅಂದರು. ಸಕ್ಕರೆ, ಬಿಪಿ ಇಂಥವನ್ನು ನೋಡುವ ಕೋಣೆಗೆ ಅಲ್ಲಿ ಹಾಗೆ ಕರೆಯುತ್ತಾರೆ. ಒಂದು ಮೇಜು, ತೂಕದ ಯಂತ್ರ, ಬಿಪಿ ಮಷೀನು, ಸೊಂಟ ಅಳೆಯುವ ಟೇಪು. ಕೂತಿದ್ದವರ ಕೊರಳ ಬ್ಯಾಡ್ಜಿನಲ್ಲಿ ‘ಶುಶ್ರೂಷಾಧಿಕಾರಿ’ ಎಂದಿತ್ತು. ನಮ್ಮ ಬಾಯಿಗೆ ಬರೋದು ಸಿಸ್ಟರ್ ಅಂತಲೇ. ವಯಸ್ಸಿನಲ್ಲಿ ನನ್ನ ತಂಗಿಯ ಮಗಳಷ್ಟು.

“ಕಾಕಾ, ಆ ಕಾಲೂ ಬಿಚ್ಚರಿ,” ಅಂದರು. ಗಾಯ ಇದ್ದದ್ದು ಒಂದೇ ಕಾಲಿಗೆ, ಅವರು ಎರಡನ್ನೂ ನೋಡಿದರು. ಬೆರಳ ಸಂದು ಅಗಲಿಸಿ ನೋಡಿದರು. ಪಾದದ ಮೇಲ್ಭಾಗದಲ್ಲಿ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಪಾದದಲ್ಲೂ ನಾಡಿ ಬಡಿಯುತ್ತದೆ ಅನ್ನೋದೇ ಆವರೆಗೆ ನನಗೆ ತಿಳಿದಿರಲಿಲ್ಲ. “ರಕ್ತ ಚೊಲೋ ಹರ್ಯಾಕತ್ತೈತಿ, ಕಾಲ ಉಳಸಬಹುದು,” ಅಂದರು. ‘ಉಳಿಸಬಹುದು’ ಅನ್ನೋ ಮಾತು ಕೇಳಿದಾಗಲೇ, ಕಾಲು ಹೋಗಲೂಬಹುದಿತ್ತು ಎಂಬುದು ತಲೆಗೆ ಹೊಳೆದದ್ದು.

ಆಮೇಲೆ ಡ್ರಾಯರಿನಿಂದ ಪೆನ್ನಿನಂಥದೊಂದು ತೆಗೆದರು. ತುದಿಯಲ್ಲಿ ಒಂದು ಬೆರಳು ಉದ್ದದ ನೈಲಾನ್ ಎಳೆ. ಮೊದಲು ನನ್ನ ಮುಂಗೈಗೆ ತಾಗಿಸಿ, “ಹಿಂಗ ಅನಸ್ತದ. ಈಗ ಕಣ್ಣ ಮುಚ್ಚರಿ. ಕಾಲಿಗೆ ತಾಗಿದ್ದು ಗೊತ್ತಾದ ಕೂಡ್ಲೆ ‘ಹೌದು’ ಅನ್ರಿ,” ಅಂದರು. ಕಣ್ಣು ಮುಚ್ಚಿದೆ. ಹೌದು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೊಂದು ಹೌದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಸಿಸ್ಟರ್ ಏನಾದರೂ ಬರೆದುಕೊಳ್ಳುತ್ತಿರಬೇಕು ಅಂತ ಕಾಯುತ್ತ ಕೂತೆ. ಮತ್ತೆರಡು ಸಲ ಹೌದು ಅಂದೆ. ಕಣ್ಣು ತೆರೆಸಿ ಕಾಗದ ತೋರಿಸಿದರು. ಪಾದದ ಚಿತ್ರ, ಅದರ ಮೇಲೆ ಹತ್ತು ಸುತ್ತು. ನಾಲ್ಕಕ್ಕೆ ಮಾತ್ರ ಗುರುತು ಬಿದ್ದಿತ್ತು.

“ಹತ್ತೂ ಕಡೆ ತಾಗಸೀನಿ ಕಾಕಾ.”

ನಾನು ನಂಬಲಿಲ್ಲ. ಅವರು ಮತ್ತೊಮ್ಮೆ ನನ್ನ ಕಣ್ಣೆದುರೇ ಗಾಯದಿಂದ ದೂರ, ಕಿರುಬೆರಳ ಬುಡಕ್ಕೆ ಎಳೆ ಒತ್ತಿದರು. ಎಳೆ ಬಿಲ್ಲಿನಂತೆ ಬಾಗಿತು. ಕಣ್ಣಿಗೆ ಕಾಣುತ್ತಿದೆ, ಪಾದಕ್ಕೆ ಸುದ್ದಿಯೇ ಇಲ್ಲ.

ನಲವತ್ತು ವರ್ಷ ಎಳೆ ಹಿಡಿದ ಕೈ ನನ್ನದು. ಕತ್ತಲಲ್ಲಿ ಕೊಟ್ಟರೂ ರೇಷ್ಮೆ ಯಾವುದು, ನೂಲು ಯಾವುದು, ಯಾವ ಎಳೆಯ ಹುರಿ ಸಡಿಲವಾಗಿದೆ ಎಂದು ಬೆರಳ ತುದಿಯಲ್ಲಿ ಹೇಳಬಲ್ಲೆ. ಸೆರಗಿನ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಒಂದೊಂದು ಎಳೆಯನ್ನು ಸೀರೆಯ ಮೈಯ ಹಾಸಿನ ಎಳೆಗೆ ಕೊಂಡಿ ಹಾಕಿ ಜೋಡಿಸುವುದು ನಮ್ಮ ಇಳಕಲ್ ಸೀರೆಯ ಕಸುಬು. ಅಂಥವನ ಪಾದಕ್ಕೆ ಒಂದು ಎಳೆ ತಾಗಿದ್ದು ತಿಳಿಯಲಿಲ್ಲ. ಆ ಕುರ್ಚಿಯ ಮೇಲೆ ಕೂತು ನಾನು ಅತ್ತೆ. ಸಿಸ್ಟರ್ ಸುಮ್ಮನೆ ನೀರಿನ ಬಾಟಲಿ ಮುಂದೆ ಸರಿಸಿದರು, ಅವಸರ ಮಾಡಲಿಲ್ಲ.

ಆಮೇಲೆ ವಿವರಿಸಿದರು. ವರ್ಷಗಟ್ಟಲೆ ಸಕ್ಕರೆ ಏರಿಕೊಂಡೇ ಇದ್ದರೆ ಸಣ್ಣ ನರಗಳೂ ಅವಕ್ಕೆ ರಕ್ತ ಒಯ್ಯುವ ನಾಳಗಳೂ ಕೆಡುತ್ತವೆ. ಉದ್ದನೆಯ ನರ ಮೊದಲು ಸೋಲುತ್ತದೆ, ಅದಕ್ಕೇ ಪಾದದಿಂದ ಶುರು. ಹೋದ ಅರಿವು ಬಹುತೇಕ ತಿರುಗಿ ಬರುವುದಿಲ್ಲ. “ಇನ್ನ ಮ್ಯಾಲ ನಿಮ್ಮ ಕಾಲಿನ ಕೆಲಸಾ ನಿಮ್ಮ ಕಣ್ಣ ಮಾಡಬೇಕು,” ಅಂದರು. ದಿನಾ ರಾತ್ರಿ ಮಲಗುವ ಮುಂಚೆ ಎರಡೂ ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಬೇಕು. ಬಗ್ಗಲು ಆಗದಿದ್ದರೆ ಕನ್ನಡಿ ನೆಲದ ಮೇಲಿಟ್ಟು ನೋಡಬೇಕು. ಮನೆಯೊಳಗೂ ಚಪ್ಪಲಿ. ಜಳಕದ ನೀರಿನ ಬಿಸಿಯನ್ನು ಮೊಣಕೈಯಿಂದ ಪರೀಕ್ಷಿಸಬೇಕು, ಕಾಲಿನಿಂದಲ್ಲ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿನಲ್ಲಿ ಮಾತ್ರ ಒಣಗಿರಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಹೊಸ ಚಪ್ಪಲಿಯನ್ನು ಸಂಜೆ ಹೊತ್ತು ಕೊಳ್ಳಬೇಕು, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಇಷ್ಟನ್ನೂ ಒಂದೇ ದಿನ ಹೇಳಲಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಹೋದಾಗ ಒಂದೊಂದಾಗಿ ಹೇಳಿ, ಮುಂದಿನ ಸಲ ನನ್ನ ಬಾಯಿಂದಲೇ ಹೇಳಿಸಿದರು.

ಇನ್ಸುಲಿನ್ನಿಗೆ ನಾನು ಒಪ್ಪಿರಲಿಲ್ಲ. ನಮ್ಮ ಓಣಿಯಲ್ಲಿ ಒಂದು ಮಾತಿದೆ: ಸೂಜಿ ಶುರುವಾಯಿತು ಅಂದರೆ ಕಡೆಗಾಲ ಬಂತು ಅಂತ. ಅದನ್ನೇ ಸಿಸ್ಟರಿಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. “ಯಾರಿಗೆ ಹಂಗಾತು ಕಾಕಾ? ಹೆಸರ ಹೇಳ್ರಿ,” ಅಂದರು. ಇಬ್ಬರ ಹೆಸರು ಹೇಳಿದೆ. “ಅವರು ಸೂಜಿ ತಗೊಂಡು ಕೆಟ್ರೋ, ಪೂರಾ ಕೆಟ್ಟ ಮ್ಯಾಲ ಸೂಜಿಗೆ ಬಂದ್ರೋ?” ಯೋಚನೆ ಮಾಡಿದೆ. ಇಬ್ಬರೂ ಎಲ್ಲ ಮುಗಿದ ಮೇಲೆ ದವಾಖಾನೆಗೆ ಬಂದವರೇ. ನನ್ನ ಹಾಗೆ.

ಕಲಿಸುವಾಗ ಸಿಸ್ಟರ್ ನನ್ನ ಜೊತೆ ಮನೆಯಾಕೆಯನ್ನೂ ಕೂರಿಸಿಕೊಂಡರು. ನನ್ನದು ಮೂವತ್ತು–ಎಪ್ಪತ್ತರ ಮಿಶ್ರಣದ ಇನ್ಸುಲಿನ್ (ಮೂವತ್ತು ಪಾಲು ಬೇಗ, ಎಪ್ಪತ್ತು ಪಾಲು ನಿಧಾನ ಕೆಲಸ ಮಾಡುವಂಥದು), ಮಜ್ಜಿಗೆಯ ತಿಳಿಯಂತೆ ಮಬ್ಬಾಗಿರುತ್ತದೆ. ಬಾಟಲಿಯನ್ನು ಅಲುಗಾಡಿಸಬಾರದು, ಎರಡು ಅಂಗೈ ನಡುವೆ ಮೆಲ್ಲಗೆ ಉರುಳಿಸಬೇಕು. ಎಷ್ಟು ಯೂನಿಟ್ ಬೇಕೋ ಅಷ್ಟೇ ಗಾಳಿಯನ್ನು ಮೊದಲು ಬಾಟಲಿಗೆ ತಳ್ಳಿ ಆಮೇಲೆ ಔಷಧ ಎಳೆಯಬೇಕು. ಗುಳ್ಳೆ ಇದ್ದರೆ ಸಿರಿಂಜಿಗೆ ಉಗುರಿನಿಂದ ತಟ್ಟಿ ಹೊರಗೆ ಹಾಕಬೇಕು. ಹೊಟ್ಟೆಯ ಮೇಲೆ ಹೊಕ್ಕಳಿಂದ ಎರಡು ಬೆರಳು ದೂರ ಚರ್ಮ ಹಿಡಿದು ಚುಚ್ಚಿ, ಔಷಧ ತಳ್ಳಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು. ಊಟಕ್ಕೆ ಅರ್ಧ ತಾಸು ಮುಂಚೆ. ಬೆಳಿಗ್ಗೆ 16, ರಾತ್ರಿ 10. ಒಂದೇ ಜಾಗಕ್ಕೆ ದಿನಾ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ, ಗಂಟಿಗೆ ಹೋದ ಔಷಧ ಮೈಗೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಸೋಮವಾರ ಇಲ್ಲಿ, ಮಂಗಳವಾರ ಒಂದು ಬೆರಳು ಆಚೆ ಅಂತ ಸರಿಸುತ್ತ ಹೋಗಬೇಕು. ಈ ಒಂದು ವಿಷಯದಲ್ಲಿ ನನಗೆ ಕಷ್ಟವಾಗಲಿಲ್ಲ. ಅಂತರ ಹಿಡಿದು ಸಾಲು ತಪ್ಪದಂತೆ ಹೋಗುವುದು ನನ್ನ ಕಸುಬೇ.

ಕಷ್ಟ ಆದದ್ದು ಬಿಸಿಲಿನಿಂದ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಪಾರಾ ನಲವತ್ತು ದಾಟುತ್ತದೆ. ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ಸಿಸ್ಟರ್ ಹೇಳಿದಂತೆ ದೊಡ್ಡ ಗಡಿಗೆಯೊಳಗೆ ಉಸುಕು ತುಂಬಿ, ಅದರಲ್ಲಿ ಸಣ್ಣ ಗಡಿಗೆ ಇಟ್ಟು, ದಿನಕ್ಕೆ ಎರಡು ಸಲ ಉಸುಕು ತೋಯಿಸಿ, ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ ಒಳಗಿಟ್ಟೆವು. ಮೂಲೆಯಲ್ಲಿ, ನೆರಳಲ್ಲಿ. ಫ್ರಿಜ್ ಇದ್ದವರೂ ಮೇಲಿನ ಬರ್ಫದ ಖಾನೆಯಲ್ಲಿ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ಬಾಟಲಿಯ ಸೀಲು ಒಡೆದ ತಾರೀಖನ್ನು ಅದರ ಮೇಲೆಯೇ ಬರೆಯುವುದನ್ನು ಮನೆಯಾಕೆ ಇವತ್ತಿಗೂ ಬಿಟ್ಟಿಲ್ಲ. ಒಡೆದು ನಾಲ್ಕು ವಾರ ದಾಟಿತೋ, ಉಳಿದಿದ್ದರೂ ಬಳಸುವುದಿಲ್ಲ.

ಮೇ ತಿಂಗಳ ನಡುವೆ ಏನೋ ಎಡವಟ್ಟಾಯಿತು. ಅಲ್ಲಿಯವರೆಗೆ ಸಕ್ಕರೆ ಇಳಿಯುತ್ತ 170ಕ್ಕೆ ಬಂದಿತ್ತು, ಗಾಯದ ಅಂಚಿನಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಕಾಣುತ್ತಿತ್ತು. ಇದ್ದಕ್ಕಿದ್ದಂತೆ 260, 290. ಗಾಯ ಇದ್ದಲ್ಲೇ ನಿಂತಿತು. ಮದುವೆಗೆ ಬೇರೆ ಊರಿಗೆ ಹೋಗಿ ಬಂದಿದ್ದೆ. ಕದ್ದು ಸಿಹಿ ತಿಂದಿದ್ದಾನೆ ಅಂತ ಮನೆಯವರೆಲ್ಲ ನನ್ನನ್ನೇ ನೋಡಿದರು. ನಾನು ತಿಂದಿರಲಿಲ್ಲ, ಯಾರೂ ನಂಬಲಿಲ್ಲ. ಆ ಹತ್ತು ದಿನದ ಅವಮಾನ ಇನ್ನೂ ಮರೆತಿಲ್ಲ.

ಸಿಸ್ಟರ್ ಮಾತ್ರ ಏನು ತಿಂದಿರಿ ಎಂದು ಕೇಳುವ ಮೊದಲು, “ನಾಳೆ ಬರುವಾಗ ಡಬ್ಬಿ ಸಮೇತ ಎಲ್ಲಾ ತರ್ರಿ. ಬಾಟಲಿ, ಸಿರಿಂಜು, ಗುಳಿಗಿ, ಎಲ್ಲಾ,” ಅಂದರು. ಮರುದಿನ ಮೇಜಿನ ಮೇಲೆ ಹರಡಿದೆ. ಅವರ ಕೈ ನೇರವಾಗಿ ಸಿರಿಂಜಿಗೇ ಹೋಯಿತು. “ಇದರ ಟೊಪ್ಪಿಗಿ ಕೇಸರಿ ಐತಲ್ಲ. ಇದೆಲ್ಲಿಂದ ಬಂತು?” ಮದುವೆಗೆ ಹೋದ ಊರಿನಲ್ಲಿ ಸಿರಿಂಜು ಖಾಲಿಯಾಗಿ, ಒಂದು ಮೆಡಿಕಲ್ ಶಾಪಿನಲ್ಲಿ ‘ಇನ್ಸುಲಿನ್ ಸಿರಿಂಜ್ ಕೊಡ್ರಿ’ ಅಂತ ಹತ್ತು ತಂದಿದ್ದೆ. ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ನಮ್ಮ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಟೊಪ್ಪಿಗೆಯ 40ರ ಸಿರಿಂಜೇ ಬೇಕು. ಕೇಸರಿ ಟೊಪ್ಪಿಗೆಯದು 100 ಯೂನಿಟ್‌ನ ಔಷಧಕ್ಕೆ ಮಾಡಿದ್ದು. ಅದರಲ್ಲಿ 16ರ ಗೆರೆಗೆ ಎಳೆದರೆ ನನಗೆ ಸಿಗುತ್ತಿದ್ದದ್ದು ಸುಮಾರು ಆರೂವರೆ ಯೂನಿಟ್. ರಾತ್ರಿಯ ಹತ್ತು ಅನ್ನೋದು ನಾಲ್ಕಾಗಿತ್ತು. ಸಿಸ್ಟರ್ ಕಾಗದದ ಮೇಲೆ ಲೆಕ್ಕ ಹಾಕಿ ಮನೆಯಾಕೆಗೆ ತೋರಿಸಿ, “ಕಾಕಾರದು ತಪ್ಪಿಲ್ಲ ಕಾಕೂ,” ಅಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಅದೃಷ್ಟಕ್ಕೆ ನನ್ನ ತಪ್ಪು ಕಡಿಮೆಯ ಕಡೆಗಿತ್ತು. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದಿದ್ದರೆ ಎರಡೂವರೆ ಪಟ್ಟು ಒಳಗೆ ಹೋಗಿ ಜೀವಕ್ಕೇ ಕುತ್ತಾಗುತ್ತಿತ್ತು. ಓದುವವರಲ್ಲಿ ಯಾರಾದರೂ ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ದಯವಿಟ್ಟು ಈಗಲೇ ಎದ್ದು ಹೋಗಿ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಒಟ್ಟಿಗೆ ಹಿಡಿದು ನೋಡಿ.

ಗಾಯ ಮಾಯುವುದಕ್ಕೆ ಇನ್ನೊಂದು ಅಡ್ಡಿ ಇತ್ತು. ಅದು ನನ್ನ ಮಗ್ಗ. ಮೊದಲ ವಾರವೇ ಸಿಸ್ಟರ್, “ಮಗ್ಗದಾಗ ಕಾಲ ಎಲ್ಲಿ ಊರತೀರಿ, ತೋರಸ್ರಿ,” ಅಂದಿದ್ದರು. ಸ್ಟೂಲಿನ ಮೇಲೆ ಕೂತು ಗಾಳಿಯಲ್ಲಿ ತುಳಿದು ತೋರಿಸಿದೆ. ಭಾರ ಬೀಳುವುದು ನೆಟ್ಟಗೆ ಹೆಬ್ಬೆರಳ ಬುಡದ ಮೇಲೆ, ಗಾಯ ಇದ್ದ ಜಾಗವೇ. “ಇಲ್ಲಿ ಭಾರ ಬಿದ್ದಷ್ಟ ದಿನಾ ಇದು ಮಾಯಂಗಿಲ್ಲ. ಯಾ ಮುಲಾಮಿನಿಂದನೂ ಆಗಂಗಿಲ್ಲ,” ಅಂದರು. ಒಂದು ಸೀರೆಗೆ ನಾಲ್ಕೈದು ದಿನದ ದುಡಿಮೆ, ಮಗ್ಗ ನಿಂತರೆ ಒಲೆ ನಿಂತಂತೆ. ನಾನು ಆಗಲ್ಲ ಅಂದೆ. ಅವರು ಬುದ್ಧಿ ಹೇಳಲು ಹೋಗದೆ ಕೇಳಿದರು: ಮನೆಯಲ್ಲಿ ಇನ್ನು ಯಾರಿಗೆ ನೇಯಲು ಬರುತ್ತದೆ? ಕೂತು ಮಾಡುವ ಬೇರೆ ಕೆಲಸ ಏನಿದೆ? ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು ನನ್ನ ಪಾಲಿಗೆ, ತುಳಿಯುವುದು ಮನೆಯಾಕೆ ಮತ್ತು ಮಗನ ಪಾಲಿಗೆ ಅಂತ ಅಲ್ಲೇ ಕೂತು ಹಂಚಿದೆವು. ನಾಲ್ಕು ತಿಂಗಳು ನಾನು ಕುಣಿಗೆ ಇಳಿಯಲಿಲ್ಲ. ಜುಲೈ ಎರಡನೇ ವಾರ ಗಾಯ ಮುಚ್ಚಿತು.

ಮತ್ತೆ ಮಗ್ಗ ಹಿಡಿಯುವ ಮುಂಚೆ ಒಂದು ರವಿವಾರ ಸಿಸ್ಟರ್ ನಮ್ಮ ಮನೆಗೆ ಬಂದರು. ಯಾರೂ ಕರೆದಿರಲಿಲ್ಲ, ರಜೆಯ ದಿನ. ಚಪ್ಪಲಿ ಬಿಟ್ಟು, ಸೀರೆ ಸರಿಮಾಡಿಕೊಂಡು ಕುಣಿಯ ಅಂಚಿಗೆ ಕೂತು, ಹಲಗೆಯ ಮೇಲೆ ತಾವೇ ಕಾಲಿಟ್ಟು ತುಳಿದರು. ಕೈಯಿಂದ ಹಲಗೆ ಸವರಿ, ಎರಡು ಕಡೆ ಸಿಬಿರು ಎದ್ದದ್ದನ್ನು ನನಗೆ ತೋರಿಸಿದರು. ಕುಣಿಯೊಳಗೆ ಬ್ಯಾಟರಿ ಬಿಟ್ಟು, ತಳದಲ್ಲಿದ್ದ ಮುರಿದ ಬಳೆಯ ಚೂರು, ಒಂದು ಮೊಳೆ ಆರಿಸಿ ತೆಗೆದರು. ಚಪ್ಪಲಿ ಹಾಕಿಕೊಂಡು ತುಳಿದರೆ ಹಲಗೆಯ ಹಿಡಿತ ಸಿಗುವುದಿಲ್ಲ ಎಂದು ನಾನು ಹೇಳಿದ್ದನ್ನು ಒಪ್ಪಿದರು. ಕೊನೆಗೆ ಹಲಗೆಗೇ ಚಪ್ಪಲಿ ಹಾಕುವುದು ಅಂತಾಯಿತು: ಸಕ್ಕರೆ ಬ್ಯಾನಿಯವರ ಚಪ್ಪಲಿಗೆ ಬಳಸುವ ಮೆತ್ತನೆಯ ಎಂಸಿಆರ್ ರಬ್ಬರಿನ ಹಾಳೆಯನ್ನು ಮೋಚಿಯ ಹತ್ತಿರ ಕತ್ತರಿಸಿ ತಂದು, ಮೊಳೆ ಹೊಡೆಯದೆ ಅಂಟಿನಿಂದ ಕೂರಿಸಿದೆ. ಕಾಲಿಗೆ ಹೊಲಿಗೆ ಒತ್ತದ ದಪ್ಪ ನೂಲಿನ ಕಾಲುಚೀಲ. ಅದೂ ಬಿಳಿಯದೇ ಇರಲಿ ಅಂದರು. ಬಿಳಿ ಅಂದರೆ ರಕ್ತದ ಒಂದು ಹನಿಯೂ ಕಾಣುತ್ತದೆ. ತಾಸಿಗೊಮ್ಮೆ ಎದ್ದು ಹತ್ತು ಹೆಜ್ಜೆ ಅಡ್ಡಾಡಬೇಕು.

ಶ್ರಾವಣದಲ್ಲಿ ಎಡವಿದೆ. ಸೋಮವಾರ ಒಪ್ಪತ್ತು ಮಾಡುವುದು ನಮ್ಮ ಮನೆಯ ವಾಡಿಕೆ. ಬೆಳಿಗ್ಗೆ ರೂಢಿಯಂತೆ ಸೂಜಿ ಚುಚ್ಚಿಕೊಂಡೆ, ಒಪ್ಪತ್ತು ಅಂತ ನಾಷ್ಟಾ ಬಿಟ್ಟೆ, ಬಹಳ ದಿನದ ಮೇಲೆ ಮಗ್ಗ ಸಿಕ್ಕ ಹುರುಪಿನಲ್ಲಿ ಎರಡು ತಾಸು ಬಿಡದೆ ತುಳಿದೆ. ಕೈ ನಡುಗತೊಡಗಿತು. ಹಣೆ, ಬೆನ್ನು ತಣ್ಣನೆಯ ಬೆವರಿನಿಂದ ತೊಯ್ದವು, ಎಳೆ ಎರಡೆರಡಾಗಿ ಕಂಡವು. ಲಾಳಿ ಕೈಜಾರಿತು. ಮನೆಯಾಕೆ ಓಡಿಬಂದು ಬೆರಳು ಚುಚ್ಚಿದಳು: 58. ಸಿಸ್ಟರ್ ಕಲಿಸಿದ್ದು ಅವಳಿಗೆ ಬಾಯಿಪಾಠ. 70ರ ಕೆಳಗೆ ಇಳಿದರೆ ಮೂರು ಚಮಚೆ ಸಕ್ಕರೆ ನೀರಿಗೆ ಕಲಸಿ ಕುಡಿಸುವುದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡುವುದು, ಏರದಿದ್ದರೆ ಇನ್ನೊಮ್ಮೆ ಕೊಡುವುದು, ಏರಿದ ಮೇಲೆ ಊಟ ಹಾಕುವುದು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕದೆ ದವಾಖಾನೆಗೆ ಒಯ್ಯುವುದು. ಹದಿನೈದು ನಿಮಿಷಕ್ಕೆ 94 ಬಂತು. ರೊಟ್ಟಿ ತಿನ್ನಿಸಿದಳು. ಅಂದಿನಿಂದ ಮಗ್ಗದ ಕಂಬಕ್ಕೆ ಸಕ್ಕರೆಯ ಸಣ್ಣ ಡಬ್ಬಿ ತೂಗಿಬಿಟ್ಟಿದೆ. ಉಪವಾಸ ಹಿಡಿಯುವುದಿದ್ದರೆ ಮೊದಲೇ ಹೋಗಿ ಕೇಳುತ್ತೇನೆ, ಡಾಕ್ಟರು ಆ ದಿನದ ಯೂನಿಟ್ ಬದಲಿಸಿ ಹೇಳುತ್ತಾರೆ.

ಊಟದ ಬಗ್ಗೆ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ಸಿಸ್ಟರ್ ಮೊದಲ ದಿನ ಯಾವ ಪಟ್ಟಿಯನ್ನೂ ಕೊಡಲಿಲ್ಲ. “ನಿನ್ನಿ ಬೆಳಿಗ್ಗಿಯಿಂದ ಏನೇನ ಬಾಯಿಗೆ ಹೋತು, ಹೇಳ್ಕೊಂತ ಹೋಗ್ರಿ,” ಅಂದರು. ಹೇಳುತ್ತ ಹೋದಂತೆ ನನಗೇ ದಿಗಿಲಾಯಿತು. ಮಗ್ಗದ ಮೇಲೆ ಎಂಟು ಸಲ ಚಹಾ, ಸಲಕ್ಕೆ ಎರಡು ಚಮಚೆ ಸಕ್ಕರೆ. ಹದಿನಾರು ಚಮಚೆ ಬರೀ ಚಹಾದಲ್ಲೇ! ಬೆಲ್ಲದ ಚಹಾ ಕುಡೀತೀನಿ ಅಂದರೆ, “ಬೆಲ್ಲಾ ಅಂದ್ರೂ ಅದ ಕಾಕಾ, ರಕ್ತದಾಗ ಹೋದ ಮ್ಯಾಲ ಎರಡೂ ಒಂದ,” ಅಂದರು. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಅಂತ ನಮ್ಮ ಕಡೆ ಎಲ್ಲರೂ ತಿಳಿದಿದ್ದಾರೆ. ಅಕ್ಕಿಗಿಂತ ಅದರಲ್ಲಿ ನಾರು ಹೆಚ್ಚು, ನಿಜ. ಆದರೂ ಹಿಟ್ಟು ಹಿಟ್ಟೇ. ನಾಲ್ಕು ರೊಟ್ಟಿ ಎರಡಾಯಿತು. ಖಾಲಿಯಾದ ಜಾಗಕ್ಕೆ ಪುಂಡಿಪಲ್ಯ, ಮಡಕೆ ಕಾಳಿನ ಉಸುಳಿ, ಹಸಿ ಮೆಂತ್ಯದ ತೊಪ್ಪಲು, ಸೌತೆಕಾಯಿ, ಮೊಸರು ಬಂದವು. ಅಮೀನಗಡ ನಮ್ಮ ದಾರಿಯಲ್ಲೇ ಇದೆ, ಕರದಂಟಿನ ಆಸೆ ಬಿಡುವುದು ಸುಲಭವಲ್ಲ. ವರ್ಷಕ್ಕೆ ಒಂದೆರಡು ಸಲ ಹೆಬ್ಬೆರಳಷ್ಟು ತುಂಡು, ಅದೂ ಊಟದ ಜೊತೆಗೆ, ಆ ದಿನ ಒಂದು ರೊಟ್ಟಿ ಕಡಿಮೆ ಮಾಡಿ. ಪೂರ್ತಿ ಬೇಡ ಎಂದಿದ್ದರೆ ನಾನು ಕದ್ದು ತಿನ್ನುತ್ತಿದ್ದೆ.

ನನ್ನ ಕಾರ್ಡಿನ ಕೊನೆಯಲ್ಲಿ ಸಿಸ್ಟರ್ ಇನ್ನೊಂದು ಬರೆದಿದ್ದರು: ಮಗನನ್ನು ಕರೆತರಬೇಕು. ಸರ್ಕಾರದ ತಪಾಸಣೆ ಮೂವತ್ತು ವರ್ಷ ದಾಟಿದವರಿಗೆ ಅಂತ ಇದೆ, ಅವನಿಗೆ ಇಪ್ಪತ್ತೆಂಟು. “ಅಪ್ಪಗ ಐತಿ ಅಂದ ಮ್ಯಾಲ ಕಾಯೂದು ಬ್ಯಾಡ,” ಅಂದರು. ಸೊಂಟ 97 ಸೆಂಟಿಮೀಟರ್ ಬಂತು. ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಖಾಲಿ ಹೊಟ್ಟೆಯ ಸಕ್ಕರೆ 112. ನೂರರ ಒಳಗಿದ್ದರೆ ಸರಿ, 126 ಮುಟ್ಟಿದರೆ ಬ್ಯಾನಿ, ಅವನು ನಡುವಿನ ಹೊಸ್ತಿಲ ಮೇಲೆ ನಿಂತಿದ್ದ. ಹೀಗೆ ಹೊಸ್ತಿಲ ಮೇಲೆ ನಿಂತವರು ದೇಶದಲ್ಲಿ 13.6 ಕೋಟಿ, ಬ್ಯಾನಿ ಬಂದೇಬಿಟ್ಟವರು 10.1 ಕೋಟಿ ಎಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಜೊತೆ ಸೇರಿ ನಡೆಸಿದ ದೊಡ್ಡ ಅಧ್ಯಯನ 2023ರಲ್ಲಿ ಹೇಳಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಕಂಡದ್ದು ಮಗನ ಮುಖ. ಅವನಿಗೆ ಸಿಸ್ಟರ್ ಗುಳಿಗೆಯ ಮಾತೇ ಎತ್ತಲಿಲ್ಲ. ವಾರಕ್ಕೆ ಐದು ದಿನ ಅರ್ಧರ್ಧ ತಾಸು ಬಿರುಸಿನ ನಡಿಗೆ, ಇದ್ದ 86 ಕಿಲೋದಲ್ಲಿ ಐದಾರು ಕಿಲೋ ಇಳಿಕೆ, ಬಾಟಲಿ ಪಾನಕ ಬಂದ್. ಒಂದು ವರ್ಷಕ್ಕೆ 80 ಕಿಲೋಕ್ಕೆ ಬಂದ, ಸಕ್ಕರೆ 97ಕ್ಕೆ ಇಳಿಯಿತು. ನನ್ನ ಗಾಯ ಮಾಯ್ದದ್ದಕ್ಕಿಂತ ಹೆಚ್ಚಿನ ಸಮಾಧಾನ ಇದು. ನಾನು ಕಳಕೊಂಡದ್ದನ್ನು ಅವನು ಕಳಕೊಳ್ಳಬೇಕಾಗಿಲ್ಲ.

ಗಾಯ ಮಾಯ್ದ ವರ್ಷದ ನವೆಂಬರ್ 14ರಂದು, ವಿಶ್ವ ಮಧುಮೇಹ ದಿನಕ್ಕೆ, ದವಾಖಾನೆಯಲ್ಲಿ ನನ್ನನ್ನು ನಿಲ್ಲಿಸಿ ಮಾತಾಡಿ ಅಂದರು. 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಅವರು ಹುಟ್ಟಿದ ದಿನ ಅದು. 2020ರಲ್ಲಿ ಆ ದಿನದ ವಿಷಯವೇ ‘ನರ್ಸ್ ಮತ್ತು ಮಧುಮೇಹ’ ಆಗಿತ್ತಂತೆ. ನನಗೆ ಭಾಷಣ ಬರುವುದಿಲ್ಲ. ಒಂದು ಕೈಯಲ್ಲಿ ಕೆಂಪು ಟೊಪ್ಪಿಗೆ, ಇನ್ನೊಂದರಲ್ಲಿ ಕೇಸರಿ ಟೊಪ್ಪಿಗೆ ಹಿಡಿದು ನಡೆದದ್ದು ಹೇಳಿದೆ. ಕೂತವರಲ್ಲಿ ಇಬ್ಬರು ತಮ್ಮ ಚೀಲ ಬಿಚ್ಚಿ ನೋಡಿಕೊಂಡರು.

ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಮಾಡಿಸುತ್ತೇನೆ. ಬೆರಳು ಚುಚ್ಚಿ ನೋಡುವುದು ಆ ಗಳಿಗೆಯ ಒಂದು ಗೇಣು ನೇಯ್ಗೆಯನ್ನು ನೋಡಿದಂತೆ, ಇದು ಹಿಂದಿನ ಎರಡು ಮೂರು ತಿಂಗಳ ಇಡೀ ಸೀರೆಯನ್ನು ಹರಡಿ ನೋಡಿದಂತೆ. ಹಿಂದಿನ ದಿನ ಉಪವಾಸ ಇದ್ದು ಹೋದರೆ ಇದನ್ನು ಮರೆಮಾಚಲಾಗದು. ಮೊದಲ ಸಲ 11.4 ಇತ್ತು, ಆ ವರ್ಷದ ಕೊನೆಗೆ 7.6, ಈಚೆಗೆ 7ರ ಆಸುಪಾಸು. ವರ್ಷಕ್ಕೊಮ್ಮೆ ಕಣ್ಣಿಗೆ ಹನಿ ಹಾಕಿ ಒಳಪರದೆ ನೋಡುತ್ತಾರೆ, ಕಿಡ್ನಿಗೆಂದು ಮೂತ್ರ, ರಕ್ತ ಪರೀಕ್ಷಿಸುತ್ತಾರೆ. ಸದ್ಯ ಎರಡೂ ಗಟ್ಟಿ ಇವೆ.

ಆ ಸಿಸ್ಟರಿಗೆ ಕಳೆದ ವರ್ಷ ವರ್ಗವಾಯಿತು. ಹೋಗುವಾಗ ಮನೆಯಾಕೆ ಕೆಂಪು ದಡಿಯ ಒಂದು ಸೀರೆ ಒಯ್ದು ಕೊಟ್ಟಳು. ತಗೊಳ್ಳೋದಿಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಬೆಲೆ ಕೊಟ್ಟೇ ತಗೊಂಡರು. ಈಗ ಬಂದಿರುವ ಸಿಸ್ಟರ್ ಇನ್ನೂ ಚಿಕ್ಕವರು. ಮೊದಲ ಸಲ ಹೋದಾಗ ನಾನೇ ಎರಡೂ ಕಾಲು ಬಿಚ್ಚಿ ಮೇಲಿಟ್ಟೆ. ಅದೇ ಎಳೆ, ಅದೇ ಹತ್ತು ಜಾಗ. ಕಣ್ಣು ಮುಚ್ಚಿ ಬಹಳ ಆಸೆಯಿಂದ ಕಾದೆ. ಈಗಲೂ ನಾಲ್ಕೇ. ಐದಾಗಲಿಲ್ಲ, ಮೂರೂ ಆಗಿಲ್ಲ.

ನಾಳೆ ನಮ್ಮ ಓಣಿಯ ಒಬ್ಬನನ್ನು ಕರೆದುಕೊಂಡು ಹೋಗಬೇಕು. ಅವನದೂ ಕುಣಿಮಗ್ಗ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತಾಗ ಅವನ ಹಿಮ್ಮಡಿಯಲ್ಲಿ ಒಂದು ಬೆರಳು ಹೋಗುವಷ್ಟು ಸೀಳು ಕಂಡಿತು. “ನೋವ ಐತೇನೋ?” ಅಂದೆ. “ಏ, ಇಲ್ಲೋ ಯಣ್ಣಾ, ಏನೂ ನೋವಿಲ್ಲ,” ಅಂತ ನಕ್ಕ. ಬೆಳಿಗ್ಗೆ ಎಂಟಕ್ಕೆ ಪಾಳಿ ಹಚ್ಚಬೇಕು, ಏಳೂವರೆಗೆ ತಯಾರಿರು ಅಂತ ಹೇಳಿ ಬಂದಿದ್ದೇನೆ.